ಹಾಲೇರಿಯ ಮಗಳು, ಸ್ಕಾಟರ ಸೊಸೆ

1834ರ ಏಪ್ರಿಲ್ 6ರಂದು ಕರ್ನಲ್ ಜೇಮ್ಸ್ ಸ್ಟುವರ್ಟ್ ಫ್ರೇಜರ್ ಮಡಿಕೇರಿಯನ್ನು ಹೊಕ್ಕ. ಈಸ್ಟ್ ಇಂಡಿಯಾ ಕಂಪನಿಯ ಪೊಲಿಟಿಕಲ್ ಏಜೆಂಟನಾಗಿ ಬಂದಿದ್ದ ಆತ ಸ್ಕಾಟ್ಲೆಂಡಿನ ಮನೆತನದವನು. ಎರಡು ಶತಮಾನಕ್ಕೂ ಮಿಕ್ಕು ಕೊಡಗನ್ನಾಳಿದ ಹಾಲೇರಿ ಅರಸೊತ್ತಿಗೆ ಕೆಲವೇ ದಿನಗಳಲ್ಲಿ ಮುಗಿದುಹೋಯಿತು. ಇಪ್ಪತ್ತೇಳು ವರ್ಷ ಕಳೆದ ಮೇಲೆ, 1861ರಲ್ಲಿ, ಅದೇ ಮನೆತನದ ಕೊನೆಯ ಅರಸನಿಗೆ ಇಂಗ್ಲೆಂಡಿನಲ್ಲಿ ಒಬ್ಬ ಮೊಮ್ಮಗಳು ಹುಟ್ಟಿದಳು. ಅವಳ ತಂದೆಯೂ ಸ್ಕಾಟ್ ಸೇನಾಧಿಕಾರಿ. ಅವಳ ತಾಯಿಯನ್ನು ಮಗಳಂತೆ ಮನೆಯಲ್ಲಿರಿಸಿಕೊಂಡವಳೂ ಸ್ಕಾಟ್ ಹೆಂಗಸು. ಹಾಲೇರಿಯಿಂದ ರಾಜ್ಯವನ್ನು ಕಿತ್ತುಕೊಂಡ ಜನರ ನಡುವೆಯೇ ಹಾಲೇರಿಯ ಒಂದು ಕುಡಿ ಬೇರು ಬಿಡಬೇಕಾಯಿತು. ಆ ತಾಯಿ ಗೌರಮ್ಮ.

‘ಕೊಡಗಿನ ಗೌರಮ್ಮ’ ಎಂದರೆ ಕನ್ನಡ ಓದುಗರಿಗೆ ಮೊದಲು ನೆನಪಾಗುವುದು ಕತೆಗಾರ್ತಿ, 1939ರಲ್ಲಿ ಎಳೆ ವಯಸ್ಸಿಗೇ ನೀರಿನ ಪಾಲಾದ ಗೌರಮ್ಮ. ಅದು ಸರಿಯೇ, ಆಕೆ ನಮ್ಮ ಭಾಷೆಗೆ ಕೊಟ್ಟದ್ದು ದೊಡ್ಡದು. ಆದರೆ ಆಕೆ ಹುಟ್ಟುವುದಕ್ಕೆ ಎಪ್ಪತ್ತು ವರ್ಷ ಮೊದಲು ಹುಟ್ಟಿದ ಈ ಇನ್ನೊಬ್ಬ ಗೌರಮ್ಮನನ್ನು ನಾವು ನೆನೆಯುವ ಬಗೆಯಲ್ಲಿ ಏನೋ ಕೊರತೆಯಿದೆ. ಪದಚ್ಯುತ ರಾಜನ ಮಗಳು, ರಾಣಿ ವಿಕ್ಟೋರಿಯಾಳ ಧರ್ಮಪುತ್ರಿ, ಕಳೆದುಹೋದ ರಾಜಕುಮಾರಿ ಎಂದೆಲ್ಲ ಕರೆಯುತ್ತೇವೆ. ಇವೆಲ್ಲವೂ ಬೇರೆಯವರು ಆಕೆಗೆ ಹೊರಿಸಿದ ಪಾತ್ರಗಳು. ಆಕೆ ಒಬ್ಬ ತಾಯಿಯೂ ಆಗಿದ್ದಳು ಎಂಬುದನ್ನು ಕೊನೆಯ ಸಾಲಿನಲ್ಲಿ ಹೇಳಿ ಮುಗಿಸುತ್ತೇವೆ. ನನಗೆ ಆ ಸಾಲಿನಲ್ಲೇ ಆಕೆಯ ಬಾಳು ಇದೆ ಅನಿಸುತ್ತದೆ.

ಕಥೆ ಶುರುವಾಗುವುದು ಆಕೆಯ ತಂದೆ ಚಿಕ್ಕವೀರರಾಜೇಂದ್ರನಿಂದ. 1820ರಲ್ಲಿ ಪಟ್ಟಕ್ಕೆ ಬಂದ ಈ ಅರಸನ ಕ್ರೌರ್ಯದ ಬಗ್ಗೆ ಬ್ರಿಟಿಷ್ ಅಧಿಕಾರಿಗಳು ಬರೆದಿಟ್ಟದ್ದು ರಾಶಿಯಿದೆ. 1855ರಲ್ಲಿ ಕೊಡಗಿನ ಕುರಿತು ಪುಸ್ತಕ ಬರೆದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕೂಡ ಅದನ್ನೇ ಗಾಢವಾಗಿ ಚಿತ್ರಿಸಿದ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಓದಿದವರ ಕಣ್ಣ ಮುಂದೆ ಬರುವುದು ತನ್ನ ದೌರ್ಬಲ್ಯದಿಂದಲೇ ಹಾಳಾಗುವ ದೊರೆ. ಗೆದ್ದವರು ಸೋತವನ ಬಗ್ಗೆ ಬರೆದುಕೊಂಡ ಮಾತನ್ನು ಹಾಗೇ ನಂಬಬಾರದು, ಕೊಡಗನ್ನು ನುಂಗಲು ಕಂಪನಿಗೆ ನೆಪ ಬೇಕಿತ್ತು ಎಂದು ಈಚಿನ ಕೆಲವರು ವಾದಿಸುತ್ತಾರೆ. ಎರಡರಲ್ಲೂ ನಿಜವಿದೆ. ದಾಯಾದಿಗಳ ರಕ್ತ ಹಾಲೇರಿ ಅರಮನೆಗೆ ಹೊಸದಾಗಿರಲಿಲ್ಲ, ಅದನ್ನು ಅಲ್ಲಗಳೆಯಲಾಗದು. ಆದರೆ ಹನ್ನೆರಡು ವರ್ಷ ಆ ಅರಸನೊಡನೆ ಹೊಂದಿಕೊಂಡೇ ಇದ್ದ ಕಂಪನಿ, 1832ರಲ್ಲಿ ಅವನ ತಂಗಿ ದೇವಮ್ಮಾಜಿಯೂ ಆಕೆಯ ಗಂಡ ಚೆನ್ನಬಸಪ್ಪನೂ ಮೈಸೂರು ಸೀಮೆಗೆ ಓಡಿಬಂದು ಆಸರೆ ಬೇಡಿದ ಮೇಲಷ್ಟೇ ಎಚ್ಚೆತ್ತುಕೊಂಡಿತು.

ಯುದ್ಧ ಕೆಲವೇ ದಿನ ನಡೆಯಿತು. ಸೋಮವಾರಪೇಟೆಯ ಕಡೆಯಿಂದ ನುಗ್ಗಿದ ಕಂಪನಿಯ ತುಕಡಿಯೊಂದು ಬಕ್ಕದ ಕಟ್ಟೆಯ ಬಳಿ ದೊಡ್ಡ ಪೆಟ್ಟು ತಿಂದು ಹಿಮ್ಮೆಟ್ಟಿತು. ಆದರೆ ಉಳಿದ ದಾರಿಗಳು ತೆರೆದುಕೊಂಡವು. ದಿವಾನ ಅಪ್ಪಾರಂಡ ಬೋಪು ಫ್ರೇಜರನನ್ನು ಎದುರುಗೊಂಡ, ಅರಸ ಶರಣಾದ. ಜನರೆಲ್ಲ ಒಕ್ಕೊರಲಿನಿಂದ ಕೇಳಿಕೊಂಡದ್ದರಿಂದ ಕೊಡಗನ್ನು ಕಂಪನಿಯ ಆಳ್ವಿಕೆಗೆ ಸೇರಿಸಿಕೊಂಡಿದ್ದೇವೆ ಎಂಬ ಅರ್ಥದ ಘೋಷಣೆ ಮೇ 7ರಂದು ಹೊರಬಿತ್ತು. ಆ ಒಕ್ಕೊರಲು ಎಷ್ಟು ಗಟ್ಟಿ ಎಂಬುದು ಮೂರೇ ವರ್ಷಕ್ಕೆ ತಿಳಿಯಿತು. 1837ರಲ್ಲಿ ಅಮರ ಸುಳ್ಯದ ರೈತರು ಕಲ್ಯಾಣಸ್ವಾಮಿಯ ಹೆಸರಿನಲ್ಲಿ ದಂಗೆಯೆದ್ದು ಮಂಗಳೂರಿನವರೆಗೂ ನಡೆದರು.

ಅಷ್ಟರಲ್ಲಿ ಅರಸನನ್ನು ಪರಿವಾರದೊಡನೆ ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಸಾಗಿಸಿಯಾಗಿತ್ತು. ಗೌರಮ್ಮ ಹುಟ್ಟಿದ್ದು ಅಲ್ಲಿ, 1841ರಲ್ಲಿ. ಕೊಡಗಿನ ರಾಜಕುಮಾರಿ ಎಂದು ಜಗತ್ತೆಲ್ಲ ಕರೆದ ಈ ಹುಡುಗಿ ಕೊಡಗನ್ನು ಕಣ್ಣಿನಿಂದ ಕಂಡವಳೇ ಅಲ್ಲ. ಮಡಿಕೇರಿಯ ಮಂಜು, ಕಾವೇರಿಯ ತಲಕಾವೇರಿ, ಅಜ್ಜ ಲಿಂಗರಾಜೇಂದ್ರ ಕಟ್ಟಿಸಿದ ಕೋಟೆಯೊಳಗಿನ ಅರಮನೆ, ಇವೆಲ್ಲ ಅವಳಿಗೆ ಹಿರಿಯರ ಬಾಯಿಂದ ಕೇಳಿದ ಮಾತುಗಳಾಗಿದ್ದಿರಬೇಕು. ವಲಸೆ ಹೋದವರಿಗೆ ಸಾಮಾನ್ಯವಾಗಿ ಹಿಂತಿರುಗಿ ನೋಡಲು ಒಂದು ಊರಿರುತ್ತದೆ. ಇವಳಿಗೆ ಅದೂ ಇರಲಿಲ್ಲ.

ಕಾಶಿಯಲ್ಲಿದ್ದ ಅರಸ ಸುಮ್ಮನೆ ಕೂತವನಲ್ಲ. ಅವನ ದೊಡ್ಡಪ್ಪ ದೊಡ್ಡವೀರರಾಜೇಂದ್ರ ಟಿಪ್ಪುವಿನ ವಿರುದ್ಧ ಕಂಪನಿಗೆ ನೆರವಾದವನು, ಕಂಪನಿಯಲ್ಲೇ ದೊಡ್ಡ ಮೊತ್ತವನ್ನು ಬಡ್ಡಿಗೆ ಇಟ್ಟಿದ್ದವನು. ಆ ಹಣ ತನಗೆ ಸೇರಬೇಕೆಂಬುದು ಚಿಕ್ಕವೀರರಾಜೇಂದ್ರನ ಹಟ. ಹೆಣ್ಣುಮಕ್ಕಳ ಮೂಲಕ ಬಲ ಕೂಡಿಸಿಕೊಳ್ಳುವ ಅರಸರ ಹಳೆಯ ದಾರಿಯನ್ನೂ ಅವನು ಬಿಡಲಿಲ್ಲ. ನೇಪಾಳದ ಪ್ರಧಾನಿ ಜಂಗ್ ಬಹದ್ದೂರ್ ರಾಣಾ ಯುರೋಪಿನಿಂದ ಮರಳುವಾಗ ಕಾಶಿಯಲ್ಲಿ ಅವನ ಒಬ್ಬ ಮಗಳನ್ನು ಮದುವೆಯಾಗಿ ಕಠ್ಮಂಡುವಿಗೆ ಕರೆದೊಯ್ದ. ಇನ್ನೊಬ್ಬ ಮಗಳು, ಅವನ ಅಚ್ಚುಮೆಚ್ಚಿನ ಗೌರಮ್ಮ, ತಂದೆಯೊಡನೆ ಹಡಗು ಹತ್ತಿದಳು. ಹಣಕ್ಕಾಗಿ ಮೊಕದ್ದಮೆ ಹೂಡುತ್ತೇನೆ ಎಂದರೆ ಕಂಪನಿ ಬಿಡುತ್ತಿರಲಿಲ್ಲ. ಮಗಳಿಗೆ ಕ್ರೈಸ್ತ ಶಿಕ್ಷಣ ಕೊಡಿಸುತ್ತೇನೆ ಎಂದಾಗ ಅಪ್ಪಣೆ ಸಿಕ್ಕಿತು. 1852ರಲ್ಲಿ ಅವರು ಇಂಗ್ಲೆಂಡ್ ಮುಟ್ಟಿದರು. ಅವಳಿಗೆ ಹನ್ನೊಂದು ವರ್ಷ.

ಆ ಬೇಸಿಗೆಯಲ್ಲೇ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಅವಳಿಗೆ ದೀಕ್ಷಾಸ್ನಾನ ಮಾಡಿಸಿದರು. ರಾಣಿ ವಿಕ್ಟೋರಿಯಾ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು. ವಿಂಟರ್‌ಹಾಲ್ಟರ್ ಆ ವರ್ಷವೇ ಅವಳ ತೈಲಚಿತ್ರ ಬರೆದ, ಮುಂದೆ ಮರೊಚೆಟ್ಟಿ ಅವಳ ಶಿಲ್ಪ ಮಾಡಿದ. ರಾಣಿಯ ಒಲವು ಸುಳ್ಳಲ್ಲ. ಆದರೆ ಆ ಚಿತ್ರ, ಆ ಶಿಲ್ಪ ಹೋಗಿ ಸೇರಿದ್ದು ರಾಜಮನೆತನದ ಸಂಗ್ರಹಕ್ಕೆ. ಆ ವರ್ಷಗಳಲ್ಲಿ ವಿಕ್ಟೋರಿಯಾಳ ಆಸರೆಗೆ ಹೀಗೆ ಬಂದ ಎಳೆಯರು ಬೇರೆಯೂ ಇದ್ದರು. ಪಶ್ಚಿಮ ಆಫ್ರಿಕಾದಿಂದ ತಂದ ಸಾರಾ ಫೋರ್ಬ್ಸ್ ಬೊನೆಟ್ಟಾ ಹೆಚ್ಚುಕಡಿಮೆ ಗೌರಮ್ಮನ ಓರಗೆಯವಳು. ಪಂಜಾಬನ್ನು ಕಳೆದುಕೊಂಡ ದುಲೀಪ್ ಸಿಂಗ್ 1854ರಲ್ಲಿ ಬಂದ. ಸಾಮ್ರಾಜ್ಯ ದೊಡ್ಡವರಿಂದ ನಾಡನ್ನು ಕಸಿದು, ಮಕ್ಕಳನ್ನು ಮಡಿಲಿಗೆ ಹಾಕಿಕೊಳ್ಳುತ್ತಿತ್ತು.

ಇಲ್ಲಿಂದ ಗೌರಮ್ಮ ಮನೆಯಿಂದ ಮನೆಗೆ ಸಾಗಿದಳು. ಮೊದಲು ಡ್ರಮಂಡ್ ದಂಪತಿಯ ಬಳಿ, ಬಳಿಕ ಲೇಡಿ ಕ್ಯಾಥರೀನ್ ಹಾರ್ಕೋರ್ಟ್ ಮನೆಯಲ್ಲಿ. ತಂದೆ ಲಂಡನ್ನಿನಲ್ಲೇ ಇದ್ದ, ಆದರೆ ಮಗಳನ್ನು ಕಾಣಲು ಕಟ್ಟುಪಾಡುಗಳಿದ್ದವು. ಅವನ ಪ್ರಭಾವ ಅವಳ ಮೇಲೆ ಬೀಳಬಾರದು ಎಂಬುದು ಪೋಷಕರಾದವರ ಎಣಿಕೆ. ಒಂದೇ ದೇಶದಲ್ಲಿ ಅಪ್ಪ ಒಂದು ಕಡೆ, ಮಗಳು ಒಂದು ಕಡೆ. ನ್ಯಾಯಾಲಯದ ಮೊಕದ್ದಮೆಗಿಂತ ಈ ಸೋಲು ಆ ಅರಸನಿಗೆ ದೊಡ್ಡದಾಗಿತ್ತು ಎಂದೇ ನನ್ನ ಭಾವನೆ. ಅವನ ಕ್ರೌರ್ಯದ ಕತೆಗಳೆಲ್ಲ ನಿಜವಿದ್ದರೂ ಈ ನೋವು ಸುಳ್ಳಾಗುವುದಿಲ್ಲ.

ಇದೇ ಹೊತ್ತಿಗೆ ಎದುರು ದಿಕ್ಕಿನಲ್ಲಿ ಇನ್ನೊಂದು ವಲಸೆ ನಡೆದಿತ್ತು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯ ಬಳಿ ಕಾಫಿ ತೋಟ ಹಾಕಿದ. ಅವನ ಹಿಂದೆಯೇ ಇಂಗ್ಲೆಂಡಿನವರು, ಸ್ಕಾಟ್ಲೆಂಡಿನವರು ಕಾಡು ಕಡಿದು ತೋಟ ಮಾಡಲು ಕೊಡಗಿಗೆ ಬಂದು ಬಂಗಲೆಗಳನ್ನು ಕಟ್ಟಿದರು. ಹಾಲೇರಿಯ ಹುಡುಗಿ ಬ್ರಿಟನ್ನಿನ ಡ್ರಾಯಿಂಗ್ ರೂಮುಗಳಲ್ಲಿ ಪಿಯಾನೋ ಮುಂದೆ ಕೂರುವುದನ್ನು ಕಲಿಯುತ್ತಿದ್ದಾಗ, ಬ್ರಿಟನ್ನಿನ ಕುಟುಂಬಗಳು ಅವಳ ಪೂರ್ವಿಕರ ನೆಲದಲ್ಲಿ ಮಳೆಗಾಲ ಕಳೆಯುವುದನ್ನು ಕಲಿಯುತ್ತಿದ್ದವು.

1850ರ ದಶಕದ ಕೊನೆಗೆ ಗೌರಮ್ಮ ಲಾಗಿನ್ ದಂಪತಿಯ ಮನೆ ಸೇರಿದಳು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಮನೆಯಲ್ಲಿ ಅವಳಿಗೆ ಸಿಕ್ಕಿದವಳು ಲೇನಾ ಲಾಗಿನ್. ಪರ್ತ್‌ಶೈರಿನ ಕಿನ್‌ಲಾಕ್ ಕ್ಯಾಂಬೆಲ್ ಮನೆತನದಲ್ಲಿ 1820ರಲ್ಲಿ ಹುಟ್ಟಿದ ಲೇನಾ, ಹರೆಯದಲ್ಲೇ ಸ್ಕಾಟ್ಲೆಂಡ್ ಬಿಟ್ಟು ಭಾರತಕ್ಕೆ ಬಂದವಳು. 1842ರಲ್ಲಿ ಲಖನೌದಲ್ಲಿ ಅವಳು ಮದುವೆಯಾದ ಡಾಕ್ಟರ್ ಜಾನ್ ಲಾಗಿನ್ ಸ್ಕಾಟ್ಲೆಂಡಿನ ಉತ್ತರ ತುದಿಯ ಆರ್ಕ್ನಿ ದ್ವೀಪದವನು. 1849ರಲ್ಲಿ ಪಂಜಾಬ್ ಕಂಪನಿಯ ಪಾಲಾದಾಗ ಲಾಹೋರಿನ ಖಜಾನೆಯನ್ನೂ ಅದರೊಳಗಿನ ಕೊಹಿನೂರ್ ವಜ್ರವನ್ನೂ ಬಾಲಕ ದುಲೀಪನನ್ನೂ ಇವನ ವಶಕ್ಕೆ ಒಪ್ಪಿಸಿದ್ದರು. ಪರನಾಡಿನಲ್ಲಿ ಸಂಸಾರ ಹೂಡಿ ಮಕ್ಕಳನ್ನು ಹೆತ್ತ ಹೆಂಗಸಿಗೆ ಪರನಾಡಿಗೆ ಬಂದ ಹುಡುಗಿಯ ಒಂಟಿತನ ಅರ್ಥವಾಗಿದ್ದೀತು. ಲೇನಾಳ ನೆನಪುಗಳನ್ನು ಅವಳ ಮಗಳು 1916ರಲ್ಲಿ ಪುಸ್ತಕ ಮಾಡಿದಳು. ಅವು ಸಾಮ್ರಾಜ್ಯದ ಕಣ್ಣಿನಿಂದ ಕಂಡ ನೆನಪುಗಳು, ಅದನ್ನು ಮರೆಯಬಾರದು. ಆದರೂ ಗೌರಮ್ಮನ ಬಗ್ಗೆ ನಾವು ಇಂದು ಹೇಳಬಲ್ಲ ಎಷ್ಟೋ ಸಂಗತಿ ಈ ಸ್ಕಾಟ್ ಅಜ್ಜಿಯ ನೆನಪಿನಿಂದ ಉಳಿದುಬಂದದ್ದು.

ರಾಣಿ ವಿಕ್ಟೋರಿಯಾಳ ಮನಸ್ಸಿನಲ್ಲಿ ಒಂದು ಮದುವೆಯಿತ್ತು. ಕ್ರೈಸ್ತನಾದ ದುಲೀಪ್, ಕ್ರೈಸ್ತಳಾದ ಗೌರಮ್ಮ. ಇಬ್ಬರೂ ರಾಜ್ಯ ಕಳೆದುಕೊಂಡ ಮನೆತನದವರು. ಜೋಡಿ ಕಾಗದದ ಮೇಲೆ ಚೆನ್ನಾಗಿತ್ತು. ದುಲೀಪ್ ಒಪ್ಪಲಿಲ್ಲ, ಅವಳನ್ನು ತಂಗಿಯಂತೆ ಕಂಡ. ಅವರಿಬ್ಬರ ನಡುವೆ ಸ್ನೇಹ ಮಾತ್ರ ಉಳಿಯಿತು. ತಮ್ಮಿಬ್ಬರ ಹೆಸರಿನಲ್ಲಿ ಯಾರೋ ಬರೆಯುತ್ತಿದ್ದ ನಾಟಕವನ್ನು ಆಡಲೊಲ್ಲೆ ಎಂದು ಆ ಎಳೆಯ ಹೇಳಿದ್ದು ನನಗೆ ಆ ಕಾಲದ ಸಣ್ಣ ಧೈರ್ಯಗಳಲ್ಲಿ ಒಂದಾಗಿ ಕಾಣುತ್ತದೆ. ಅಷ್ಟರಲ್ಲಿ 1857ರ ದಂಗೆ ಬಂದು ಹೋಗಿತ್ತು. ಭಾರತೀಯರನ್ನು ಬ್ರಿಟನ್ನಿನ ಜನ ನೋಡುವ ನೋಟ ಬಿರುಸಾಗಿತ್ತು. ಹದಿನಾರರ ಹುಡುಗಿಗೆ ಬೀದಿಯಲ್ಲೂ ಬಿಡಾರದಲ್ಲೂ ಅದು ತಟ್ಟದೆ ಇರಲಾರದು.

1859ರ ಸೆಪ್ಟೆಂಬರಿನಲ್ಲಿ ತಂದೆ ಲಂಡನ್ನಿನಲ್ಲಿ ತೀರಿಕೊಂಡ. ತನ್ನ ತಂದೆ ಲಿಂಗರಾಜೇಂದ್ರನಿಗೆ ಮಡಿಕೇರಿಯಲ್ಲಿ ಗುಮ್ಮಟದ ಗದ್ದುಗೆ ಕಟ್ಟಿಸಿದ ಅರಸನಿಗೆ ಕೆನ್ಸಲ್ ಗ್ರೀನ್ ಎಂಬ ಲಂಡನ್ ಸ್ಮಶಾನದಲ್ಲಿ ಜಾಗ ಸಿಕ್ಕಿತು. ಮೊಕದ್ದಮೆಯ ತೀರ್ಪು ಮರುವರ್ಷ ಬಂತು. ರಾಜ್ಯವನ್ನು ಗೆದ್ದುಕೊಂಡ ಸರ್ಕಾರ ರಾಜನ ಸೊತ್ತನ್ನು ತೆಗೆದುಕೊಂಡದ್ದು ಪ್ರಭುತ್ವದ ಕೃತ್ಯ, ಅದನ್ನು ನ್ಯಾಯಾಲಯ ಪ್ರಶ್ನಿಸಲಾಗದು ಎಂದು ಹೇಳಿ ಅರ್ಜಿಯನ್ನು ವಜಾ ಮಾಡಿದರು. ಸಾಮ್ರಾಜ್ಯ ಮತ್ತು ಕಾನೂನಿನ ನಂಟನ್ನು ಓದುವವರು ಕೊಡಗಿನ ಮಾಜಿ ಅರಸನ ಈ ಮೊಕದ್ದಮೆಯನ್ನು ಆಮೇಲೂ ಉಲ್ಲೇಖಿಸುತ್ತ ಬಂದರು. ಗೌರಮ್ಮನ ಪಾಲಿಗೆ ಅದರ ಅರ್ಥ ಸರಳವಾಗಿತ್ತು: ತವರಿನಿಂದ ಇನ್ನು ಬರುವುದೇನೂ ಇಲ್ಲ.

1860ರಲ್ಲೇ ಅವಳ ಮದುವೆ ಆಯಿತು. ವರ ಲೆಫ್ಟಿನೆಂಟ್ ಕರ್ನಲ್ ಜಾನ್ ಕ್ಯಾಂಬೆಲ್, ಲೇನಾ ಲಾಗಿನ್‌ಳ ಅಣ್ಣ. ಹತ್ತೊಂಬತ್ತರ ಹುಡುಗಿಗಿಂತ ಸುಮಾರು ಮೂವತ್ತು ವರ್ಷ ದೊಡ್ಡವನು, ಹೆಂಡತಿ ತೀರಿಕೊಂಡಿದ್ದವನು, ಮಕ್ಕಳಿದ್ದವನು. ಅವನ ಪರಿಚಯ ಮಾಡಿಸಿದ್ದು ದುಲೀಪ್ ಎನ್ನುತ್ತಾರೆ. ತಾಯಿಯಂತೆ ನೋಡಿಕೊಂಡ ಲೇನಾ ಈಗ ನಾದಿನಿಯಾದಳು. ಕ್ಯಾಂಬೆಲ್‌ಗೆ ಹುಡುಗಿಗಿಂತ ಅವಳ ಒಡವೆಗಳ ಮೇಲೇ ಕಣ್ಣಿತ್ತು, ಜೂಜಿನ ಚಟವಿತ್ತು ಎಂಬುದು ಹಲವರ ಅಭಿಪ್ರಾಯ. ಅವನ ನಡತೆಯನ್ನು ನೋಡಿದರೆ ಅದನ್ನು ತಳ್ಳಿಹಾಕಲು ನನಗೆ ಕಾರಣ ಕಾಣುವುದಿಲ್ಲ. ಆದರೆ ಗೌರಮ್ಮ ಯಾಕೆ ಒಪ್ಪಿದಳು ಎಂಬ ಪ್ರಶ್ನೆಯನ್ನು ಇಷ್ಟಕ್ಕೇ ಬಿಡಬಾರದು. ಹನ್ನೊಂದನೆಯ ವಯಸ್ಸಿನಿಂದ ಬೇರೆಯವರ ಮನೆಯಲ್ಲಿ, ಬೇರೆಯವರ ಊಟದ ಹೊತ್ತಿಗೆ, ಬೇರೆಯವರ ಅಪ್ಪಣೆಯಲ್ಲಿ ಬೆಳೆದವಳಿಗೆ ಮದುವೆಯೆಂದರೆ ತನ್ನದೊಂದು ಮನೆ. ಗಂಡನ ಯೋಗ್ಯತೆಯನ್ನು ಇತಿಹಾಸ ತೂಗಲಿ, ಮನೆ ಬೇಕೆಂಬ ಅವಳ ಆಸೆಯನ್ನು ತಪ್ಪೆನ್ನಲಾಗದು.

1861ರಲ್ಲಿ ಮಗಳು ಹುಟ್ಟಿದಳು. ಎಡಿತ್ ವಿಕ್ಟೋರಿಯಾ ಗೌರಮ್ಮ ಕ್ಯಾಂಬೆಲ್ ಎಂದು ಹೆಸರಿಟ್ಟರು. ತಾಯಿಗೆ ದೀಕ್ಷೆಯಲ್ಲಿ ಬಂದ ಹೆಸರೂ ಉಳಿಯಿತು, ಹುಟ್ಟಿನಿಂದ ಬಂದ ಹೆಸರೂ ಉಳಿಯಿತು.

ನಾನಿರುವ ನಂದಿನಿ ಲೇಔಟಿನಲ್ಲಿ ಮಗಳೋ ಸೊಸೆಯೋ ಲಂಡನ್ನಿನಲ್ಲಿ, ಎಡಿನ್‌ಬರೋದಲ್ಲಿ, ಮೆಲ್ಬರ್ನಿನಲ್ಲಿ ಬಸುರಿ ಎಂದು ತಿಳಿದ ಕೂಡಲೇ ವೀಸಾಕ್ಕೆ ಓಡಾಡುವ ಅಜ್ಜಿಯರಿದ್ದಾರೆ. ಅಂಟಿನುಂಡೆ ಕಟ್ಟಿ, ಖಾರದ ಪುಡಿ ಮಾಡಿಟ್ಟುಕೊಂಡು, ಹತ್ತಿಯ ಹಳೇ ಸೀರೆಗಳನ್ನು ಮಡಿಸಿ ಸೂಟ್‌ಕೇಸಿಗೆ ತುಂಬುತ್ತಾರೆ. ಬಾಣಂತನ ಮುಗಿಸಿ ಆರು ತಿಂಗಳಿಗೆ ಮರಳುವಾಗ ಅರ್ಧ ಜೀವ ಅಲ್ಲೇ ಬಿಟ್ಟು ಬರುತ್ತಾರೆ. ಗೌರಮ್ಮನ ಬಾಣಂತನದ ಬಗ್ಗೆ ಯೋಚಿಸುವಾಗ ಈ ಅಜ್ಜಿಯರು ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಅವಳ ತಂದೆ ಸತ್ತು ಎರಡು ವರ್ಷವಾಗಿತ್ತು. ಅಕ್ಕ ನೇಪಾಳದ ಅಂತಃಪುರದಲ್ಲಿದ್ದಳು. ಕಾಶಿಯಲ್ಲಿ ಉಳಿದ ಪರಿವಾರದಿಂದ ಸಮುದ್ರ ದಾಟಿ ಬರುವವರಿರಲಿಲ್ಲ. ಕೂಸಿಗೆ ಎಣ್ಣೆ ತಿಕ್ಕಿ ಎರೆಯಲು, ಸಂಜೆ ದೃಷ್ಟಿ ತೆಗೆಯಲು, ಕಿವಿ ಚುಚ್ಚಿಸುವ ದಿನ ಗೊತ್ತುಮಾಡಲು ತವರಿನ ಒಂದು ಕೈಯೂ ಇರಲಿಲ್ಲ.

ಅವಳಿಗೆ ಮಗಳ ಜೊತೆ ಸಿಕ್ಕಿದ್ದು ಮೂರು ವರ್ಷವೂ ತುಂಬದ ಕಾಲ. ಆ ಕಾಲದಲ್ಲಿ ಅವಳು ಯಾರದೋ ಧರ್ಮಪುತ್ರಿಯಾಗಿ, ಯಾರದೋ ಆಶ್ರಿತೆಯಾಗಿ ಇರಬೇಕಾಗಿರಲಿಲ್ಲ. ಒಂದು ಮಗುವಿಗೆ ಅಮ್ಮನಾಗಿದ್ದಳು, ಅಷ್ಟು ಸಾಕಿತ್ತು. ಕ್ಷಯ ಅವಳನ್ನು ತಿನ್ನುತ್ತ ಬಂತು. 1863ರಲ್ಲಿ ಜಾನ್ ಲಾಗಿನ್ ತೀರಿಕೊಂಡಾಗ ಲೇನಾಳ ಮನೆಗೂ ಕತ್ತಲು ಕವಿಯಿತು. 1864ರ ಮಾರ್ಚ್ ಕೊನೆಯಲ್ಲಿ ಗೌರಮ್ಮ ಹೋದಳು. ಇಪ್ಪತ್ತಮೂರೂ ತುಂಬಿರಲಿಲ್ಲ. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಅವಳನ್ನು ಮಣ್ಣು ಮಾಡಿದರು, ಸಮಾಧಿಯ ಕಲ್ಲಿನ ಬರಹಕ್ಕೆ ರಾಣಿ ವಿಕ್ಟೋರಿಯಾಳೇ ಮನಸ್ಸು ಕೊಟ್ಟಳು. ಎರಡೇ ತಿಂಗಳ ಬಳಿಕ, ಅವಳಿಗೆ ಗಂಡನಾಗಬೇಕೆಂದು ರಾಣಿ ಬಯಸಿದ್ದ ದುಲೀಪ್ ಸಿಂಗ್ ಅಲೆಕ್ಸಾಂಡ್ರಿಯಾದಲ್ಲಿ ಬಾಂಬಾ ಮುಲ್ಲರ್‌ಳನ್ನು ಮದುವೆಯಾದ.

ಮುಂದಿನ ಅಧ್ಯಾಯ ಪತ್ತೇದಾರಿ ಕಾದಂಬರಿಗಳಿಗೆ ತಕ್ಕದ್ದು ಎಂಬ ಕಾರಣಕ್ಕೇ ಎಲ್ಲರೂ ಅದನ್ನು ಹಿಗ್ಗಿಸಿ ಹೇಳುತ್ತಾರೆ. 1867ರ ಆಗಸ್ಟಿನಲ್ಲಿ ಕರ್ನಲ್ ಕ್ಯಾಂಬೆಲ್ ಒಂದು ದಿನ ಮನೆಯಿಂದ ಹೊರಗೆ ಹೋದವನು ಮರಳಲಿಲ್ಲ. ಗೌರಮ್ಮನ ಒಡವೆಗಳೂ ಅವನೊಡನೆ ಹೋದವು ಎನ್ನುತ್ತಾರೆ. ಕೊಲೆಯೋ, ತಲೆಮರೆಸಿಕೊಂಡದ್ದೋ ಎಂಬ ವಾದ ಇಂದಿಗೂ ತೀರಿಲ್ಲ. ಒಡವೆಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ನನಗೆ ಅಲ್ಲಿ ಕಾಣುವುದು ಆರು ವರ್ಷದ ಒಂದು ಹುಡುಗಿ. ತಾಯಿಯನ್ನು ಎರಡರ ವಯಸ್ಸಿನಲ್ಲಿ, ತಂದೆಯನ್ನು ಆರರಲ್ಲಿ ಕಳೆದುಕೊಂಡವಳು. ಎರಡು ತಲೆಮಾರು ಹಾಲೇರಿಯ ಈ ಕವಲಿಗೆ ಬಾಲ್ಯವೆಂದರೆ ಬೇರೆಯವರ ಆಸರೆಯೇ ಆಯಿತು.

ಎಡಿತ್ ಬದುಕಿದಳು. ಬೆಳೆದಳು. 1882ರಲ್ಲಿ ಹೆನ್ರಿ ಯಾರ್ಡ್ಲಿ ಎಂಬ ಸೇನಾಧಿಕಾರಿಯನ್ನು ಮದುವೆಯಾದಳು, ಒಬ್ಬ ಮಗನನ್ನು ಹೆತ್ತಳು. ಬದುಕಿದ್ದಿದ್ದರೆ ಗೌರಮ್ಮ ನಲವತ್ತರ ಹರೆಯದಲ್ಲೇ ಅಜ್ಜಿಯಾಗುತ್ತಿದ್ದಳು. ಲೇನಾ ಲಾಗಿನ್ 1904ರವರೆಗೂ ಇದ್ದಳು. 1890ರಲ್ಲಿ ಗಂಡನ ಮತ್ತು ದುಲೀಪನ ಕುರಿತ ಪುಸ್ತಕವನ್ನು ಹೊರತಂದಾಗ ಅವಳಿಗೆ ಎಪ್ಪತ್ತು. ಮನೆಯೊಳಗೆ ಬಂದುಹೋದ ಎರಡು ರಾಜಮನೆತನಗಳ ಮಕ್ಕಳ ಸುದ್ದಿಯನ್ನು ಮುಂದಿನವರಿಗೆ ದಾಟಿಸಿದವಳು ಅವಳೇ.

ಕೊಡಗಿನಲ್ಲಿ ಈ ಕಥೆಗೆ ಮತ್ತೆ ಜೀವ ಬಂದದ್ದು ತಡವಾಗಿ. ಕೊಡಗಿನವರೇ ಆದ ಸಿ. ಪಿ. ಬೆಳ್ಳಿಯಪ್ಪ 2010ರಲ್ಲಿ ಗೌರಮ್ಮನ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಎಡಿತ್‌ಳ ಮಗನ ಸಂತತಿ ಆಸ್ಟ್ರೇಲಿಯಾದಲ್ಲಿ ಇದೆ ಎಂಬುದು ಈ ವರ್ಷಗಳಲ್ಲಿ ನಮ್ಮವರಿಗೆ ತಿಳಿದುಬಂತು. ಕಾಶಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ಮಣ್ಣಾದ ಒಬ್ಬ ಹೆಣ್ಣುಮಗಳ ರಕ್ತ, ಕೊಡಗನ್ನಾಗಲಿ ಪರ್ತ್‌ಶೈರನ್ನಾಗಲಿ ನೆಲೆಯಾಗಿ ಉಳಿಸಿಕೊಳ್ಳದೆ, ಮೂರನೆಯ ಖಂಡಕ್ಕೆ ಹೋಗಿ ನಿಂತಿದೆ.

ಮಡಿಕೇರಿಯ ಗದ್ದುಗೆಗೆ ಹೋದವರಿಗೆ ಇಂದು ಹೇಳುವ ಕತೆ ಹೆಚ್ಚಾಗಿ 1834ಕ್ಕೇ ನಿಲ್ಲುತ್ತದೆ. ಅರಸು ಹೋಯಿತು, ಕಂಪನಿ ಬಂತು, ಅಲ್ಲಿಗೆ ಮುಗಿಯಿತು ಎಂದು. ಆ ಕತೆಗೆ 1861ನ್ನೂ ಸೇರಿಸಬೇಕು. ಲಿಂಗರಾಜೇಂದ್ರನ ಮರಿಮಗಳು ಎಡಿತ್, ಅವಳನ್ನು ಹೆತ್ತವಳು ಗೌರಮ್ಮ ಎಂದು ಅಲ್ಲಿಗೆ ಬರುವ ಶಾಲೆಯ ಮಕ್ಕಳಿಗೆ ಹೇಳಬೇಕು. ಬ್ರಾಂಪ್ಟನ್ನಿನ ಸಮಾಧಿ ಈಗಲೂ ಇದೆ; ಲಂಡನ್ನಿಗೆ ಹೋಗಿ ಬರುವ ಕನ್ನಡಿಗರು ಸಾವಿರಾರು ಜನರಿದ್ದೇವೆ.